ಕೋಣೆಯಲ್ಲಿ ಒಬ್ಬರೇ ಮಲಗಲು ಹೆದರಿದ್ದ ಪಂಡಿತೆ

ರಾತ್ರಿ ಹನ್ನೊಂದು ಗಂಟೆ. ಅಡುಗೆಮನೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಸಿಲಿಂಡರ್ ಬಂದ್ ಮಾಡಿದ್ದೀನೋ ಇಲ್ಲವೋ ಅಂತ ಎರಡು ಸಲ ಎದ್ದು ನೋಡಿ ಮಲಗಿದ್ದೀರಿ. ಯಜಮಾನರು ಹೈದರಾಬಾದಿನಲ್ಲಿ ಬಸ್ ಹತ್ತಿ ನಾಲ್ಕು ತಾಸಾಯಿತು. ಫೋನ್ ಸ್ವಿಚ್ ಆಫ್. ಬ್ಯಾಟರಿ ಮುಗಿದಿರುತ್ತೆ ಅಂತ ಬುದ್ಧಿಗೆ ಗೊತ್ತು. ಆದರೆ ಎದೆ ಕೇಳಬೇಕಲ್ಲ! ಹೆದ್ದಾರಿ, ಲಾರಿ, ಮಳೆ, ಆಸ್ಪತ್ರೆ... ಒಂದರ ಹಿಂದೆ ಒಂದು ಚಿತ್ರ ಕಣ್ಣೆದುರು ಓಡುತ್ತವೆ. ಕಡೆಗೆ ಗೇಟಿನ ಸದ್ದಾಗಿ, ಅವರು ಒಳಗೆ ಬಂದು ಚಪ್ಪಲಿ ಬಿಟ್ಟು, ಊಟಕ್ಕೆ ಏನಿದೆ ಅಂತ ಕೇಳಿದ ಮೇಲೂ ಎದೆಬಡಿತ ಇಳಿಯುವುದಿಲ್ಲ. ಹೌದಲ್ವಾ?

ನಮ್ಮ ಚಿಟಗುಪ್ಪದಲ್ಲಿ ಇಂಥ ರಾತ್ರಿ ಕಾಣದ ಮನೆ ಕಡಿಮೆ. ಗಂಡ ಹುಮನಾಬಾದಿಗೋ ಬೀದರಿಗೋ ದಿನಾ ಓಡಾಡುತ್ತಾರೆ, ಮಗ ಬೆಂಗಳೂರಿನಲ್ಲಿ, ಮಗಳು ಕಲಬುರಗಿ ಹಾಸ್ಟೆಲಿನಲ್ಲಿ. ಮನೆಯಲ್ಲಿ ಕೂತವರು ನಾವು. ದುಡಿಯುವವರಿಗೆ ದಾರಿಯ ಆಯಾಸ, ನಮಗೆ ದಾರಿ ಕಾಯುವ ಆಯಾಸ.

ನನ್ನದೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿತು. ಪರೀಕ್ಷೆ ಆಯಿತು. ವರದಿಗೆ ಎಂಟು ದಿನ ಕಾಯಬೇಕು ಅಂದರು. ಆ ಎಂಟು ದಿನ ನಾನು ರೊಟ್ಟಿ ಬಡಿದದ್ದು, ಮಕ್ಕಳಿಗೆ ಡಬ್ಬಿ ಕಟ್ಟಿದ್ದು ಒಂದೂ ನೆನಪಿಲ್ಲ. ನಮ್ಮ ಓಣಿಯಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ ಇದ್ದಾರೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಎಲ್ಲರೂ ಅವರನ್ನು ಟೀಚರಮ್ಮ ಅಂತಲೇ ಕರೆಯೋದು. ನನ್ನ ಮುಖ ನೋಡಿ ಏನೋ ಇದೆ ಅಂತ ಅವರಿಗೆ ಗೊತ್ತಾಯಿತು. ಸಂಜೆ ಬಂದು ಹತ್ತಿರ ಕೂತರು. ಪ್ರಾರ್ಥನೆ ಮಾಡಿದರೆ ಭಯ ಹೋಗುತ್ತಾ ಟೀಚರಮ್ಮ ಅಂತ ನಾನೇ ಕೇಳಿದೆ. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಪಂಡಿತಾ ರಮಾಬಾಯಿಯವರ ಕಥೆ ಹೇಳಲು ಶುರು ಮಾಡಿದರು. ಆಮೇಲೆ ನಾನೂ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅದನ್ನೇ ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲೇ ಒಂದು ಮಾತು. ನ್ಯಾಯಮೂರ್ತಿ ರಾನಡೆಯವರ ಪತ್ನಿ ರಮಾಬಾಯಿ ಬೇರೆ, ಬಾಬಾಸಾಹೇಬ ಅಂಬೇಡ್ಕರರ ಪತ್ನಿ ರಮಾಬಾಯಿ ಬೇರೆ. ಇವರು ಪಂಡಿತಾ ರಮಾಬಾಯಿ. ಹೆಸರು ಕೇಳಿದರೆ ಮಹಾರಾಷ್ಟ್ರದವರು ಅನಿಸುತ್ತೆ, ಆದರೆ ಹುಟ್ಟಿದ್ದು ನಮ್ಮ ಕರ್ನಾಟಕದ ಮಣ್ಣಿನಲ್ಲಿ.

ಬೆತ್ತದ ಪೆಟ್ಟಿಗೆಯ ಕೂಸು

1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಅವರ ಜನನ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹುಡುಗನಾಗಿದ್ದಾಗ ಪುಣೆಯಲ್ಲಿ ತಮ್ಮ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಕಲಿಸುವುದನ್ನು ಕಂಡಿದ್ದರು. ಹೆಂಗಸರೂ ಓದಬಹುದು ಅನ್ನುವುದು ಅಂದೇ ಮನಸ್ಸಿನಲ್ಲಿ ಕೂತುಬಿಟ್ಟಿತು. ಹೆಂಡತಿ ಲಕ್ಷ್ಮೀಬಾಯಿಗೆ ತಾವೇ ಪಾಠ ಹೇಳಿದರು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಬಂಧುಗಳು, ವಿದ್ವಾಂಸರು ಎಲ್ಲ ತಿರುಗಿಬಿದ್ದರು. ಅದಕ್ಕೇ ಜನರಿಂದ ದೂರ, ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದರು.

ಬಂದವರಿಗೆಲ್ಲ ಊಟ ಹಾಕಿ ಹಾಕಿ ಇದ್ದ ಹಣ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಮನೆ ಬಿಟ್ಟು ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ಬೆಟ್ಟ ಇಳಿಸಿದರು. ಅಂದಿನಿಂದ ಮನೆ ಅನ್ನುವುದೇ ಇಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯೋದು, ಪುರಾಣ ಓದೋದು, ಜನ ಕೊಟ್ಟದ್ದರಲ್ಲಿ ಜೀವನ. ಎಂಟನೇ ವಯಸ್ಸಿನಿಂದ ತಾಯಿಯೇ ಮಗಳ ಗುರು. ಬೆಳಗಿನ ಜಾವ ಎಬ್ಬಿಸಿ ಶ್ಲೋಕ ಹೇಳಿಕೊಡುತ್ತಿದ್ದರು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಈ ಹುಡುಗಿಗೆ 18,000 ಶ್ಲೋಕ ಬಾಯಿಪಾಠವಾಗಿತ್ತು ಎನ್ನುತ್ತಾರೆ. ನಾವು ಮಕ್ಕಳಿಗೆ ಮಗ್ಗಿ ಕಲಿಸಲು ಪಡುವ ಪಾಡು ನೆನೆಸಿಕೊಳ್ಳಿ!

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಂತು. ಪುರಾಣ ಕೇಳುವವರಿಗೇ ಅನ್ನವಿಲ್ಲ, ಹೇಳುವವರಿಗೆ ಯಾರು ಕೊಡಬೇಕು? ಪಾತ್ರೆ, ಒಡವೆ, ಬಟ್ಟೆ ಮಾರಿದರು. ಕೂಲಿ ಮಾಡಲು ಅಭ್ಯಾಸವಿಲ್ಲ, ಭಿಕ್ಷೆ ಬೇಡಲು ನಾಚಿಕೆ. ಕೊನೆಗೆ ಕಾಡಿನ ಎಲೆ ತಿಂದರು. 1874ರಲ್ಲಿ ಕಣ್ಣು ಕಾಣದ ಮುದಿ ತಂದೆ ಹೋದರು. ಸಾಯುವ ಮುನ್ನ ಕಿರಿ ಮಗಳನ್ನು ತಬ್ಬಿಕೊಂಡು, ಏನೇ ಬಂದರೂ ದೇವರ ದಾರಿ ಬಿಡಬೇಡ ಅಂತ ಹೇಳಿ ಹೋದರು. ಒಂದೂವರೆ ತಿಂಗಳಿಗೆ ತಾಯಿ. ಆಮೇಲೆ ಅಕ್ಕ.

ತಾಯಿಯ ಶವ ಹೊರಲು ಜನ ಸಿಗಲಿಲ್ಲ. ಇಬ್ಬರು ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲು ರಮಾಳದು. ಆದರೆ ಅವಳು ಗಿಡ್ಡ. ಹೆಗಲಿಗೆ ಎತ್ತರ ಸಾಲದೆ ತಲೆಯ ಮೇಲೆ ಹೊತ್ತು ಮೂರು ಮೈಲಿ ನಡೆದಳು. ಆಗ ವಯಸ್ಸು ಹದಿನಾರು. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಗಳನ್ನು ನಾವು ಒಬ್ಬಳೇ ಅಂಗಡಿಗೂ ಕಳಿಸುವುದಿಲ್ಲ.

ಉಳಿದವರು ಅಣ್ಣ ತಂಗಿ ಇಬ್ಬರೇ. ಕಾಶ್ಮೀರದವರೆಗೂ ಕಾಲ್ನಡಿಗೆ. ಎಲ್ಲ ಲೆಕ್ಕ ಹಾಕಿದರೆ ನಾಲ್ಕು ಸಾವಿರ ಮೈಲಿ ಮೀರುತ್ತದೆ. ಝೀಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಗೋರಿಯಂಥ ಎರಡು ಗುಂಡಿ ತೋಡಿ, ಒಳಗಿಳಿದು, ಕತ್ತಿನವರೆಗೆ ಒಣ ಮರಳು ಎಳೆದುಕೊಂಡು ಮಲಗಿದ್ದರು. ನಾವು ಕಲ್ಯಾಣದ ನೆರೆಯವರು. ಉಡುತಡಿಯಿಂದ ಒಂಟಿಯಾಗಿ ಕಲ್ಯಾಣಕ್ಕೆ ನಡೆದು ಬಂದ ಅಕ್ಕಮಹಾದೇವಿಯ ಕಥೆ ಕೇಳಿ ಬೆಳೆದವರು. ರಮಾಬಾಯಿಯ ನಡಿಗೆ ಓದುವಾಗ ನನಗೆ ಅಕ್ಕನೇ ನೆನಪಾದಳು.

ವ್ರತ, ಹರಕೆ, ದಾನ, ಜಪ ಎಲ್ಲವನ್ನೂ ತಂದೆ ತಾಯಿ ಮಾಡಿದ್ದರು. ಆದರೂ ಹೀಗಾಯಿತಲ್ಲ ಅಂತ ಅಣ್ಣ ತಂಗಿಯರ ಹಳೆಯ ನಂಬಿಕೆ ಕುಸಿದಿತ್ತು. 1878ರಲ್ಲಿ ಕಲ್ಕತ್ತೆಗೆ ಬಂದರು. ಇಪ್ಪತ್ತರ ಹೆಣ್ಣುಮಗಳು ಸಂಸ್ಕೃತದಲ್ಲಿ ಮಾತಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು, ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದು ಕೊಟ್ಟರು. ಅಲ್ಲೇ ಮೊದಲ ಸಲ ಕ್ರೈಸ್ತರ ಒಂದು ಕೂಟಕ್ಕೆ ಹೋದರು. ಎಲ್ಲರೂ ಕುರ್ಚಿಯ ಮುಂದೆ ಮೊಣಕಾಲೂರಿ ಕಣ್ಣು ಮುಚ್ಚಿದರಂತೆ. ಇವರು ಕುರ್ಚಿಗೇ ಪೂಜೆ ಮಾಡುತ್ತಿದ್ದಾರೆ ಅಂತ ಅಣ್ಣ ತಂಗಿ ತಿಳಿದುಕೊಂಡರು! ಮುಂದೆ ಅದೇ ರೀತಿ ಮೊಣಕಾಲೂರಿ ಜೀವನ ಕಳೆಯುವವರು ತಾವೇ ಅಂತ ಆಗ ಗೊತ್ತಿತ್ತೇ?

1880ರಲ್ಲಿ ಢಾಕಾದಲ್ಲಿ ಅಣ್ಣನೂ ಕಾಯಿಲೆ ಬಿದ್ದ. ಅವನಿಗೆ ತನ್ನ ಸಾವಿನ ಚಿಂತೆಗಿಂತ ತಂಗಿಯ ಚಿಂತೆ. ಇವಳನ್ನು ಯಾರು ನೋಡಿಕೊಳ್ಳುತ್ತಾರೆ? ನಮ್ಮಿಬ್ಬರನ್ನೂ ನೋಡಿಕೊಳ್ಳಲು ದೇವರಲ್ಲದೆ ಬೇರೆ ಯಾರಿದ್ದಾರೆ ಅಂತ ರಮಾಬಾಯಿ ಹೇಳಿದಾಗ ಅವನಿಗೆ ಸಮಾಧಾನವಾಯಿತು, ಭಯ ಬಿಟ್ಟು ಕಣ್ಣು ಮುಚ್ಚಿದ. ಆಗ ಆಕೆ ಕ್ರೈಸ್ತಳಲ್ಲ. ಯಾವ ದೇವರು, ಯಾವ ಹೆಸರು ಅನ್ನುವುದೂ ತಿಳಿದಿರಲಿಲ್ಲ. ಆದರೂ ಒಂಟಿಯಾದ ಆ ದಿನಗಳಲ್ಲಿ ಯಾರೋ ಹತ್ತಿರವೇ ಇದ್ದಾರೆ ಅನಿಸುತ್ತಿತ್ತು ಅಂತ ಮುಂದೆ ತಮ್ಮ ಜೀವನದ ಸಾಕ್ಷಿ ಬರೆಯುವಾಗ ನೆನಪಿಸಿಕೊಂಡಿದ್ದಾರೆ.

ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ. ಹುಟ್ಟಿದ ಮೇಲೆ ಮೊದಲ ಬಾರಿಗೆ ತನ್ನದು ಅಂತ ಒಂದು ಅಡುಗೆಮನೆ. ಗಂಡನ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿ, ಆಸೆಯಿಂದ ಓದಿದ್ದೂ ಅಲ್ಲೇ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ತೀರಿಕೊಂಡರು. ಕೈಯಲ್ಲಿ ಹತ್ತು ತಿಂಗಳ ಕೂಸು, ವಯಸ್ಸು ಇಪ್ಪತ್ಮೂರು. ಹಿಂದೆ ಮುಂದೆ ಯಾರೂ ಇಲ್ಲ.

ಇಂಗ್ಲೆಂಡಿನ ಆ ರಾತ್ರಿಗಳು

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಸರಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ನಮ್ಮ ಹೆಂಗಸರಿಗೆ ಹೆಂಗಸರೇ ವೈದ್ಯರು, ಶಿಕ್ಷಕಿಯರು ಬೇಕು ಅಂತ ಹೇಳಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದು, ಅದರ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಡಾಕ್ಟರಾಗುವ ಆಸೆ. ಜೊತೆಗೆ ಮಗಳು, ಇನ್ನೊಬ್ಬ ಗೆಳತಿ ಆನಂದೀಬಾಯಿ ಭಗತ್. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು.

ಟೀಚರಮ್ಮ ಹೇಳಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ.

ಪರದೇಶ, ಪರಭಾಷೆ, ಚಳಿ. ಆನಂದೀಬಾಯಿಯ ಮನಸ್ಸು ಕದಡಿತು. ತಮ್ಮನ್ನು ಬಲವಂತವಾಗಿ ಮತಾಂತರ ಮಾಡಿಬಿಡುತ್ತಾರೆ ಅನ್ನುವ ಭಯ ತಲೆಗೆ ಹೊಕ್ಕಿತು. ಆ ಭಯದಲ್ಲಿ ಒಂದು ರಾತ್ರಿ ರಮಾಬಾಯಿಯ ಕುತ್ತಿಗೆಗೇ ಕೈ ಹಾಕಿದರು, ಆಮೇಲೆ ತಮ್ಮ ಜೀವವನ್ನೇ ತೆಗೆದುಕೊಂಡರು ಎಂದು ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಬರೆದಿಟ್ಟಿದ್ದಾರೆ. ಕೆಲವು ದಿನ ರಮಾಬಾಯಿ ಆಕ್ಸ್‌ಫರ್ಡಿನಲ್ಲಿ ಅವರ ಮನೆಯಲ್ಲಿ ಉಳಿದಿದ್ದರು. ಬರ ಕಂಡವರು, ಮರಳಿನ ಗುಂಡಿಯಲ್ಲಿ ಮಲಗಿದವರು, ಪಂಡಿತರ ಸಭೆಯಲ್ಲಿ ತಲೆಯೆತ್ತಿ ಮಾತಾಡಿದವರು ಈಗ ಒಂದು ಕೋಣೆಯಲ್ಲಿ ಒಬ್ಬರೇ ಮಲಗಲಾರರು! ರಾತ್ರಿ ಅದೇ ಕೋಣೆಯಲ್ಲಿ ಮಲಗಲು ಒಬ್ಬ ಕೆಲಸದವಳನ್ನು ಜೊತೆ ಮಾಡಿಕೊಡಬೇಕಾಯಿತು.

ಸಂಕಟದ ನಡುವೆ ಗಟ್ಟಿಯಾಗಿ ನಿಂತವರಿಗೂ ಎಲ್ಲ ಮುಗಿದ ಮೇಲೆ ಕೈಕಾಲು ನಡುಗುತ್ತವೆ. ನಮ್ಮಲ್ಲೂ ನೋಡಿ, ಅತ್ತೆಯ ಆಸ್ಪತ್ರೆ, ಮಾವನ ತಿಥಿ, ಮಗಳ ಬಾಣಂತನ ಎಲ್ಲ ಗಟ್ಟಿಯಾಗಿ ನಿಭಾಯಿಸಿದ ಹೆಂಗಸು, ಆರು ತಿಂಗಳ ನಂತರ ಕುಕ್ಕರ್ ಸೀಟಿಗೂ ಬೆಚ್ಚಿಬೀಳುತ್ತಾಳೆ. ಏನಾಯ್ತು ನಿನಗೆ, ಆಗೆಲ್ಲ ಚೆನ್ನಾಗೇ ಇದ್ದೆಯಲ್ಲ ಅಂತ ಮನೆಯವರು ಕೇಳುತ್ತಾರೆ. ಅವಳಿಗೂ ಉತ್ತರ ಗೊತ್ತಿಲ್ಲ.

ಜೊತೆಗೆ ಒಬ್ಬರು ಬೇಕು ಅಂತ ಒಪ್ಪಿಕೊಳ್ಳಲು ರಮಾಬಾಯಿ ನಾಚಲಿಲ್ಲ. ನೀವೂ ನಾಚಬೇಡಿ. ತಂಗಿಯನ್ನೋ ಪಕ್ಕದ ಮನೆಯವರನ್ನೋ ಎರಡು ರಾತ್ರಿ ಬಂದಿರು ಅಂತ ಕರೆಯಿರಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ವೈದ್ಯರಿಗೆ ತೋರಿಸಿ. ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಪ್ರಾರ್ಥನೆ ಮಾಡುವವರು ಮಾತ್ರೆ ತಗೋಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆನಂದೀಬಾಯಿಗೆ ಆ ಪರದೇಶದಲ್ಲಿ ಸಕಾಲಕ್ಕೆ ಅಂಥ ಒಂದು ಕೈ ಸಿಕ್ಕಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ಅಷ್ಟರಲ್ಲಿ ಡಾಕ್ಟರಾಗುವ ಆಸೆಯೂ ಮುರಿಯಿತು. ಕಿವಿ ಮಂದವಾಗುತ್ತಾ ಬಂದಿತ್ತು. ಕಿವಿ ಕೇಳದವರು ವೈದ್ಯಕೀಯ ಓದುವುದು ಹೇಗೆ?

ಇಂಥ ಹೊತ್ತಿನಲ್ಲಿ ಸನ್ಯಾಸಿನಿಯರು ಅವರನ್ನು ಲಂಡನ್ನಿನ ಫುಲ್‌ಹ್ಯಾಮ್‌ಗೆ ಕರೆದೊಯ್ದರು. ದಾರಿ ತಪ್ಪಿದವರು ಅಂತ ಊರು ಕೈಬಿಟ್ಟ ಹೆಣ್ಣುಮಕ್ಕಳಿಗಾಗಿ ಅಲ್ಲೊಂದು ಆಶ್ರಯಧಾಮ. ಮಠದವರು ಆ ಹುಡುಗಿಯರ ಹತ್ತಿರ ಕೂತು, ಕೈ ಹಿಡಿದು, ತಮ್ಮವರಂತೆ ನೋಡಿಕೊಳ್ಳುತ್ತಿದ್ದರು. ಇವರನ್ನು ಹೀಗೆ ನೋಡಿಕೊಳ್ಳಲು ನಿಮಗೆ ಹೇಗೆ ಸಾಧ್ಯವಾಗುತ್ತದೆ ಅಂತ ರಮಾಬಾಯಿ ಕೇಳಿದರು. ಅದಕ್ಕೆ ಅವರು ಸಮಾರ್ಯದ ಹೆಣ್ಣಿನ ಕಥೆ ಹೇಳಿದರು. ಊರವರು ದೂರ ಇಟ್ಟ ಒಬ್ಬ ಹೆಂಗಸು ಬಾವಿಗೆ ನೀರಿಗೆ ಬರುತ್ತಾಳೆ. ಯೇಸು ಅವಳನ್ನು ಹಳಿಯದೆ, ಅವಳ ಹತ್ತಿರವೇ ನೀರು ಕೇಳಿ ಮಾತಿಗೆ ಕೂರುತ್ತಾರೆ. ಹೆಣ್ಣನ್ನು ಹೀಗೆ ಕಾಣುವ ದೇವರು ತನಗೆ ಬೇಕು ಅಂತ ರಮಾಬಾಯಿಗೆ ಅನಿಸಿತು. 1883ರ ಸೆಪ್ಟೆಂಬರ್ 29ರಂದು ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು.

ಅಲ್ಲಿಗೆ ಭಯವೆಲ್ಲ ಮಾಯವಾಯಿತು ಅಂತ ಬರೆದುಬಿಟ್ಟರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ. ದೀಕ್ಷೆಯ ನಂತರವೂ ಸನ್ಯಾಸಿನಿಯರ ಜೊತೆ ಧರ್ಮದ ವಿಚಾರದಲ್ಲಿ ವಾದ ಮಾಡುತ್ತಲೇ ಇದ್ದರು. ಯಾರೋ ಹೇಳಿದರು ಅಂತ ಒಪ್ಪುವ ಸ್ವಭಾವ ಅವರದಲ್ಲ. ಮಾಂಸ ಮುಟ್ಟಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತಾ ಸಂಸ್ಕೃತ ಕಲಿಸಿದರು. 1886ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ಡಾಕ್ಟರ್ ಆದ ತಮ್ಮ ಸಂಬಂಧಿ ಆನಂದೀಬಾಯಿ ಜೋಶಿಯವರ ಪದವಿ ಪ್ರದಾನ ನೋಡಿದರು. ನಮ್ಮ ವಿಧವೆಯರ ಕಷ್ಟದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಊರೂರು ತಿರುಗಿ ಭಾಷಣ ಮಾಡಿ ಹಣ ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ತೆರೆದರು. ಅಲ್ಲಿಗೆ ಮೊದಲು ಓದಲು ಬಂದ ವಿಧವೆ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದರು. ಇಷ್ಟೆಲ್ಲ ಮಾಡುವಾಗಲೂ ಒಳಗೆ ನೆಮ್ಮದಿ ಇರಲಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ದೀಕ್ಷೆಯಾಗಿ ಎಂಟು ವರ್ಷದ ನಂತರ, 1891ರ ಸುಮಾರಿಗೆ, ಒಬ್ಬ ಪಾದ್ರಿಯ ಆತ್ಮಕಥೆ ಓದುತ್ತಿದ್ದಾಗ ಅವರಿಗೆ ಒಂದು ಹೊಳೆಯಿತು. ತಾನು ಇಷ್ಟು ದಿನ ದೇವರಿಗೆ ಯೋಗ್ಯಳಾಗಬೇಕು ಅಂತ ಒದ್ದಾಡುತ್ತಿದ್ದೆ. ಯೋಗ್ಯತೆ ಕೇಳದೆ ಎತ್ತಿಕೊಳ್ಳುವವನಿಗೆ ತನ್ನನ್ನು ಒಪ್ಪಿಸಿಬಿಟ್ಟರೆ ಸಾಕಲ್ಲ! ಆಗ ಮನಸ್ಸು ಹಗುರಾಯಿತು.

ಎಂಟು ವರ್ಷ! ನಾವು ಒಂದು ವಾರ ದೀಪ ಹಚ್ಚಿ, ಯಾಕೆ ಇನ್ನೂ ಸಮಾಧಾನ ಬಂದಿಲ್ಲ ಅಂತ ದೇವರ ಮೇಲೆ ಮುನಿಸಿಕೊಳ್ಳುತ್ತೇವೆ.

ನಾಲ್ಕು ಮಂದಿ ಏನಂತಾರೆ?

ನಮ್ಮ ಭಯಗಳ ಪಟ್ಟಿ ಮಾಡಿದರೆ ಕಾಯಿಲೆ, ಅಪಘಾತಗಳಿಗಿಂತ ದೊಡ್ಡದು ಇದೇ. ಅದು ರಮಾಬಾಯಿಗೆ ಎರಡು ಕಡೆಯಿಂದಲೂ ಬಂತು. ಹಿಂದೂಗಳಿಗೆ ಧರ್ಮ ಬಿಟ್ಟವಳು, ಇಂಗ್ಲೆಂಡಿನ ಸನ್ಯಾಸಿನಿಯರಿಗೆ ಮಾತು ಕೇಳದ ಹಟಮಾರಿ. ಶಾರದಾ ಸದನ 1890ರಲ್ಲಿ ಪುಣೆಗೆ ಹೋಗಿತ್ತು. ಬೆಳಿಗ್ಗೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥನೆಗೆ ಕೂತರೆ ಬಾಗಿಲು ತೆರೆದಿರುತ್ತಿತ್ತು, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ಇವಳು ನಮ್ಮ ಹುಡುಗಿಯರನ್ನು ಕೆಡಿಸುತ್ತಿದ್ದಾಳೆ ಅಂತ ಗುಲ್ಲೆದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ರಾನಡೆ, ಭಂಡಾರಕರ್ ಅವರಂಥ ಸುಧಾರಕರೇ ಸಲಹಾ ಸಮಿತಿ ಬಿಟ್ಟು ಹೊರನಡೆದರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಪೋಷಕರ ಅಂಜಿಕೆಯಲ್ಲಿ ಹುರುಳೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಯಾರಿಗೂ ಮತ ಹೇರುವುದಿಲ್ಲ ಅನ್ನುವ ಭರವಸೆಯ ಮೇಲೆ ನಡೆದ ಸಂಸ್ಥೆ ಅದು. ಮನೆಯ ಹೆಣ್ಣುಮಗಳು ಬೇರೆ ದಾರಿ ಹಿಡಿದಾಳು ಅಂತ ಹೆತ್ತವರು ಹೆದರುವುದು ಇವತ್ತಿಗೂ ಇದೆ. ಆದರೆ ರಮಾಬಾಯಿ ಆ ಬಾಗಿಲು ಮುಚ್ಚಲಿಲ್ಲ. ಹತ್ತು ವರ್ಷ ಹಿಂದೆ ಕೋಣೆಯಲ್ಲಿ ಜೊತೆಗೆ ಜನ ಬೇಕು ಅಂದವರು, ಈಗ ಜೊತೆಗಿದ್ದ ದೊಡ್ಡವರೆಲ್ಲ ಎದ್ದು ಹೋದರೂ ಉಳಿದ ಹುಡುಗಿಯರ ಪಾಠ ನಿಲ್ಲಿಸಲಿಲ್ಲ.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದ ಸುದ್ದಿ ಬಂತು. ಬರ ಅನ್ನುವ ಒಂದು ಶಬ್ದ ಅವರಿಗೆ ಏನೇನು ನೆನಪಿಸಿರಬೇಕು, ಯೋಚಿಸಿ. ಎಲೆ ತಿಂದದ್ದು, ತಾಯಿಯ ಚಟ್ಟ, ತಂದೆಯ ಕೊನೆಯ ಅಪ್ಪುಗೆ. ಅಂಥದ್ದನ್ನು ಮತ್ತೆ ನೋಡುವುದು ಬೇಡ ಅಂತ ಸುಮ್ಮನಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ರೈಲು ಹತ್ತಿದರು. ಹಸಿದ ಹುಡುಗಿಯರನ್ನು ದಲ್ಲಾಳಿಗಳು ಕೊಂಡೊಯ್ಯುತ್ತಿದ್ದ ಜಾಗಗಳಿಗೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗ್. ಇಷ್ಟು ಜನರನ್ನು ಊರೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಪುಣೆಯಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ನೂರು ಎಕರೆ ಜಮೀನು ಕೊಂಡಿದ್ದರು. ಬಟಾಬಯಲು. ಅಲ್ಲೇ ಗುಡಾರ ಹಾಕಿದರು. ಅದಕ್ಕೆ ಮುಕ್ತಿ ಅಂತ ಹೆಸರು. ಕಲಬುರಗಿಯಿಂದ ರೈಲಿನಲ್ಲಿ ಪುಣೆಗೆ ಹೋಗುವವರು ದೌಂಡ್ ದಾಟಿದ ಮೇಲೆ ಕಿಟಕಿಯಿಂದ ನೋಡಿ, ಕೇಡಗಾಂವ್ ಅನ್ನುವ ಹಳದಿ ಬೋರ್ಡು ಕಾಣುತ್ತದೆ. ಅದೇ ಊರು.

1900ರಲ್ಲಿ ಗುಜರಾತಿನ ಬರ. ಮತ್ತೆ ಹೋದರು. ಮುಕ್ತಿಯಲ್ಲಿ ಉಣ್ಣುವವರ ಸಂಖ್ಯೆ 2,000ದ ಹತ್ತಿರ ಬಂತು! ಮನೆಗೆ ಹತ್ತು ಜನ ನೆಂಟರು ಬಂದರೆ ನಾವು ಅಕ್ಕಿ ಡಬ್ಬಿ ಇಣುಕಿ ನೋಡುತ್ತೇವೆ. ಅಮೆರಿಕದ ಸಂಘ ಮಾತು ಕೊಟ್ಟ ಹತ್ತು ವರ್ಷದ ನೆರವು 1898ಕ್ಕೆ ಮುಗಿದಿತ್ತು. ತಿಂಗಳ ಸಂಬಳ ಅಂತ ಬರುವುದು ಏನೂ ಇಲ್ಲ. ಬೇಕಾದದ್ದನ್ನು ಪ್ರಾರ್ಥನೆಯಲ್ಲಿ ಕೇಳೋದು, ಎಲ್ಲೆಲ್ಲಿಂದಲೋ ಬಂದ ಕಾಣಿಕೆಯಲ್ಲಿ ಆ ದಿನ ನಡೆಸೋದು. ಹಾಗಂತ ಕೈಕಟ್ಟಿ ಕೂರಲಿಲ್ಲ. ಬಾವಿ ತೋಡಿಸಿದರು. ಹೊಲ, ತೋಟ, ಹೈನು, ಮಗ್ಗ, ಹೊಲಿಗೆ, ಎಣ್ಣೆ ಗಾಣ, ಅಚ್ಚುಕೂಟ ಎಲ್ಲ ನಡೆಸಿದರು. ದೃಷ್ಟಿ ಇಲ್ಲದ ಹುಡುಗಿಯರಿಗೆ ಬ್ರೈಲ್ ಕಲಿಸಿದರು. ಯಾರೂ ಒಳಗೆ ಸೇರಿಸದ ಹೆಣ್ಣುಮಕ್ಕಳಿಗೆ, ಫುಲ್‌ಹ್ಯಾಮ್‌ನಲ್ಲಿ ಕಂಡಂಥದೇ ಒಂದು ಮನೆ, ಕೃಪಾ ಸದನ, ಕಟ್ಟಿದರು.

ನನ್ನ ಕಣ್ಣಿಗೆ ಅವರ ನಂಬಿಕೆ ಕಾಣುವುದು ಇಲ್ಲೇ. ನಾಡಿದ್ದಿನ ಊಟದ ಚಿಂತೆಯನ್ನು ಬೆಳಿಗ್ಗೆಯೇ ಇನ್ನೊಬ್ಬನ ಹೆಗಲಿಗೆ ದಾಟಿಸಿ, ತಾನು ಇವತ್ತಿನ ಹಿಟ್ಟು ಬೀಸಲು ಎದ್ದು ಹೋಗುವುದು. ನಮ್ಮ ಟೀಚರಮ್ಮ ರಾತ್ರಿ ಮಾಡುವುದೂ ಅಷ್ಟೇ. ಮನೆಯ ಒಬ್ಬೊಬ್ಬರ ಹೆಸರನ್ನೂ ಬಾಯಿಬಿಟ್ಟು ಹೇಳಿ, ಇವರು ಈ ರಾತ್ರಿ ನಿನ್ನ ಜವಾಬ್ದಾರಿ ಅಂತ ಒಪ್ಪಿಸಿ, ದೀಪ ಆರಿಸುತ್ತಾರೆ. ನನ್ನ ವರದಿ ಬರುವ ತನಕ ನನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸಿದ್ದರಂತೆ. ನಾನು ಚರ್ಚಿಗೆ ಹೋಗುವವಳಲ್ಲ, ನಮ್ಮ ಮನೆಯ ದೇವರು ಬೇರೆ. ಆದರೂ ಐದನೇ ರಾತ್ರಿ ಹಾಗೆಯೇ ಹೆಸರು ಹೇಳಿ ಹೇಳಿ ಮಲಗಿದೆ. ನಿದ್ದೆ ಬಂತು. ವರದಿ ಒಳ್ಳೆಯದೇ ಬಂತು ಬಿಡಿ. ಆದರೆ ನಿದ್ದೆ ಬಂದದ್ದು ವರದಿ ಬರುವ ಮೂರು ದಿನ ಮೊದಲು.

ಗುಲಬರ್ಗಾಕ್ಕೆ ಬಂದ ಮಗಳು

ನಮ್ಮ ಕಡೆಯವರಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿ. ಮಗಳು ಮನೋರಮಾ ಇಂಗ್ಲೆಂಡ್, ಅಮೆರಿಕದಲ್ಲಿ ಓದಿ ಬಂದು ತಾಯಿಯ ಬಲಗೈಯಾದಳು. 1910ರ ದಶಕದಲ್ಲಿ ತಾಯಿ ಮಗಳು ಸೇರಿ ಗುಲಬರ್ಗಾದಲ್ಲಿ ಒಂದು ಶಾಲೆ ಶುರು ಮಾಡಿದರು. ಆಗ ಗುಲಬರ್ಗಾ, ಬೀದರ್, ನಮ್ಮ ಚಿಟಗುಪ್ಪ ಎಲ್ಲ ನಿಜಾಮರ ರಾಜ್ಯ. ಹೆಣ್ಣುಮಕ್ಕಳ ಓದು ಅಂದರೆ ಜನ ನಗುತ್ತಿದ್ದ ಕಾಲ. ಗಂಗಾಮೂಲದಿಂದ ಬೆತ್ತದ ಪೆಟ್ಟಿಗೆಯಲ್ಲಿ ಇಳಿದು ಹೋದ ಕೂಸು ಮುದುಕಿಯಾಗಿ ಮತ್ತೆ ಕನ್ನಡದ ನೆಲಕ್ಕೆ ಒಂದು ಶಾಲೆ ಕಳಿಸಿಕೊಟ್ಟಿತು.

ರಮಾಬಾಯಿಗೆ ಕಿವಿ ಈಗ ಪೂರಾ ಮಂದ. ಆ ವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು, ಓದು ಬರಹ ಅಷ್ಟಾಗಿ ಬಾರದ ಹೆಂಗಸರಿಗೂ ಅರ್ಥವಾಗುವಂಥ ಸರಳ ಮರಾಠಿಯಲ್ಲಿ ಬೈಬಲ್ ಬರೆಯಲು ಕೂತರು. ಹದಿನೈದು ವರ್ಷಕ್ಕೂ ಮೀರಿದ ಕೆಲಸ. 1919ರಲ್ಲಿ ಸರಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ನಾನಿಲ್ಲದಾಗ ಮುಕ್ತಿಯನ್ನು ಮನೋರಮಾ ನೋಡಿಕೊಳ್ಳುತ್ತಾಳೆ ಅಂತ ನಿಶ್ಚಿಂತೆಯಾಗಿದ್ದರು.

1921ರ ಜುಲೈನಲ್ಲಿ ಮನೋರಮಾ ತೀರಿಕೊಂಡಳು. ವಯಸ್ಸು ನಲವತ್ತು.

ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಗೆಳತಿ, ಕೊನೆಗೆ ಮಗಳು. ಇದನ್ನು ಬರೆಯುವಾಗ ನನ್ನ ಕೈ ನಿಂತಿತು. ನಂಬಿದವರಿಗೆ ಕೆಟ್ಟದ್ದೇನೂ ಆಗುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಿದರೆ, ರಮಾಬಾಯಿಯ ಜೀವನ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಆಕೆ ಹೆದರಿದ್ದು ಒಂದೊಂದಾಗಿ ಬಹುತೇಕ ಎಲ್ಲವೂ ನಡೆದೇ ಹೋಯಿತು. ಮಗಳು ಹೋದ ಮೇಲೂ ಅವರು ಬೈಬಲ್ಲಿನ ಕೆಲಸ ಬಿಡಲಿಲ್ಲ. ಮುಕ್ತಿಯ ಹೊಣೆಗೆ ಬೇರೊಬ್ಬರನ್ನು ಅಣಿ ಮಾಡಿದರು.

1922ರ ವಸಂತಕ್ಕೆ ಅವರ ಆರೋಗ್ಯ ಕುಸಿಯಿತು. ಕರಡು ಅಚ್ಚು ತಿದ್ದುವುದು ಇನ್ನೂ ಸ್ವಲ್ಪ ಉಳಿದಿತ್ತು. ಅದು ಮುಗಿಯಲು ಹತ್ತು ದಿನ ಕೊಡು ಅಂತ ದೇವರನ್ನು ಕೇಳಿಕೊಂಡರಂತೆ, ಆ ಹತ್ತು ದಿನ ಸಿಕ್ಕಿತಂತೆ ಅಂತ ಮುಕ್ತಿಯವರು ಹೇಳುತ್ತಾ ಬಂದಿದ್ದಾರೆ. ಏಪ್ರಿಲ್ 5ರ ಬೆಳಗಿನ ಜಾವ ನಿದ್ದೆಯಲ್ಲೇ ಹೋದರು. ಪುಸ್ತಕ 1924ರಲ್ಲಿ ಹೊರಬಂತು. ಅದರ ಅಚ್ಚುಮೊಳೆ ಜೋಡಿಸಿದ್ದು, ಹಾಳೆ ಮಡಚಿದ್ದು ಮುಕ್ತಿಯ ಹೆಣ್ಣುಮಕ್ಕಳೇ.